ಯುಕೆಜಿ ಮಗನ ಅಕ್ಷರ ಗುಂಡಗೆ ಬರುತ್ತಿಲ್ಲ, ಮನೆಯಲ್ಲಿ ಹೇಗೆ ಕಲಿಸಲಿ?

ಮಗನಿಗೆ ಐದೂವರೆ ವರ್ಷ, ದಿನಾ ಸಂಜೆ ನಾಲ್ಕು ಪುಟ ಕಾಪಿ ಬರೆಸುತ್ತೀರಿ, ಅವನು ಅಳುತ್ತಾನೆ, ಆದರೂ ಅಕ್ಷರ ಸುಧಾರಿಸಿಲ್ಲ ಅಂತ ಕೇಳಿದ್ದೀರಿ. ಮೊದಲು ಆ ನಾಲ್ಕು ಪುಟ ನಿಲ್ಲಿಸಿ. ನಾನು ಕಲಬುರಗಿಯವಳು, ನನ್ನ ಮಗಳಿಗೂ ಹೀಗೇ ಬರೆಸುತ್ತಿದ್ದೆ. "ಮಮ್ಮಿ, ಕೈ ನೋಯ್ಲಾಕತ್ತದ" ಅಂದರೆ ನೆಪ ಹೇಳುತ್ತಾಳೆ ಅಂದುಕೊಳ್ಳುತ್ತಿದ್ದೆ. ಅದು ನೆಪ ಆಗಿರಲಿಲ್ಲ. ಮಣಿಕಟ್ಟಿನಲ್ಲಿ 8 ಪುಟ್ಟ ಎಲುಬು ಇರುತ್ತವೆ. ಹುಟ್ಟುವಾಗ ಅವು ಇನ್ನೂ ಎಲುಬೇ ಆಗಿರುವುದಿಲ್ಲ, ಕಿವಿಯ ಹಾಗೆ ಮೆತ್ತಗಿರುತ್ತವೆ. ಒಂದೊಂದಾಗಿ ಗಟ್ಟಿಯಾಗುತ್ತಾ ಬಂದು, ಕೊನೆಯದರ ಸರದಿ ಬರುವಾಗ ಮಗುವಿಗೆ 9ರಿಂದ 12 ವರ್ಷ ಆಗಿರುತ್ತದೆ. ಅಂಥ ಕೈಗೆ ನಾಲ್ಕು ಪುಟ ಜಾಸ್ತಿಯೇ ಅಲ್ವಾ? ನಮ್ಮ ಮನೆಯಲ್ಲಿ ಈಗ ಹತ್ತು ನಿಮಿಷ ಅಷ್ಟೇ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ನಾನು ಅಡುಗೆ ಮನೆಯಿಂದ ಬಂದು ಬರೆದ ಪುಟ ನೋಡುತ್ತಿದ್ದೆ, ಬರೆಯುವ ಕೈಯನ್ನು ನೋಡಿರಲೇ ಇಲ್ಲ. ಒಂದು ಸಂಜೆ ಸುಮ್ನೆ ಪಕ್ಕದಲ್ಲಿ ಕೂತೆ. ಅವಳು 'ರ' ಬರೆಯುತ್ತಿದ್ದಳು. ಪುಟದಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಅವಳು ಕೆಳಗಿಂದ ಶುರು ಮಾಡಿ, ಬಲದಿಂದ ಎಡಕ್ಕೆ ಉಲ್ಟಾ ಸುತ್ತಿ, ಒಂದು ಸೊನ್ನೆ ಮಾಡಿ, ಅದರ ಮೇಲೆ ತಲಕಟ್ಟು ಅಂಟಿಸುತ್ತಿದ್ದಳು! ಮೇಲಿಂದ ಶುರುವಾಗಿ ಎಡಕ್ಕೆ ಇಳಿದು, ಕೆಳಗೆ ದುಂಡಗೆ ಸುತ್ತಿ, ಬಲಗಡೆಯಿಂದ ಮೇಲೆ ಬರಬೇಕು, ತಲಕಟ್ಟು ಕೊನೆಗೆ. ನಿಧಾನವಾಗಿ ಬರೆದಾಗ ಈ ತಪ್ಪು ಕಾಣುವುದಿಲ್ಲ. ಸ್ವಲ್ಪ ಬೇಗ ಬರೆಸಿ, ಅಕ್ಷರ ಒಡೆದು ಹೋಗುತ್ತದೆ. ತಪ್ಪು ದಾರಿಯಲ್ಲೇ ನಾಲ್ಕು ಪುಟ ಬರೆಸಿದರೆ ಆ ದಾರಿಯೇ ರೂಢಿ ಆಗುತ್ತದೆ. ನಾನು ಮಾಡಿದ್ದು ಅದನ್ನೇ.

ಇದನ್ನು ಪುಸ್ತಕದಲ್ಲಿ ತಿದ್ದಲಿಲ್ಲ, ನೆಲದ ಮೇಲೆ ತಿದ್ದಿದೆ. ನಮ್ಮ ಕಡೆ ಹಳೇ ಮನೆಗಳಲ್ಲೆಲ್ಲ ಶಹಾಬಾದ್ ಪರ್ಸಿ ಕಲ್ಲಿನ ನೆಲ ಇರುತ್ತದಲ್ಲ, ಅದಕ್ಕಿಂತ ದೊಡ್ಡ ಪಾಟಿ ಬೇಕಾ? ಸೀಮೆಸುಣ್ಣದಿಂದ ನನ್ನ ಮೊಳದಷ್ಟು ದೊಡ್ಡ 'ರ' ಬರೆದೆ. ಶುರು ಮಾಡುವ ಜಾಗದಲ್ಲಿ ಒಂದು ಚುಕ್ಕೆ ಇಟ್ಟೆ. ಬಟ್ಟಲಲ್ಲಿ ನೀರು ಕೊಟ್ಟು, ಬೆರಳು ಅದ್ದಿ ಚುಕ್ಕೆಯಿಂದ ಅಳಿಸುತ್ತಾ ಹೋಗು ಅಂದೆ. ಒದ್ದೆಯಾದ ಕಡೆ ಕಲ್ಲು ಕಪ್ಪಾಗಿ, ನೀರಿನದೇ ಒಂದು 'ರ' ಮೂಡುತ್ತದೆ. ಆಗ ಏಪ್ರಿಲ್, ನಮ್ಮ ಬಿಸಿಲು ಗೊತ್ತಲ್ಲ, ಅಂಗಳದಲ್ಲಿ ನೋಡನೋಡುತ್ತಲೇ ಒಣಗಿ ಹೋಗುತ್ತಿತ್ತು. ಅದು ಮಾಯವಾಗುವುದರೊಳಗೆ ಇನ್ನೊಂದು ಬರೀಬೇಕು ಅಂತ ಅವಳೇ ಆಟ ಮಾಡಿಕೊಂಡಳು. ಇಡೀ ತೋಳು ತಿರುಗಿದಾಗ ದುಂಡು ತಾನಾಗಿ ಬರುತ್ತದೆ. ಮೂರು ವಾರ ಬಿಟ್ಟು ಪಾಟಿಗೆ ಬಂದೆವು, ಎರಡು ಗೆರೆ ನೋಟ್‌ಬುಕ್ ಅದಕ್ಕೂ ಆಮೇಲೆ.

ಪಾಟಿಗೆ ಉದ್ದದ ಬಳಪ ಬೇಡ. ಉದ್ದ ಇದ್ದರೆ ಮುಷ್ಟಿ ಕಟ್ಟಿ ಹಿಡಿಯುತ್ತಾರೆ. ಮುರಿದ ಚೂರು ಕೊಡಿ, ಮುಷ್ಟಿಗೆ ಜಾಗವೇ ಇರುವುದಿಲ್ಲ, ಮೂರು ಬೆರಳು ತಾವೇ ಸರಿಯಾಗಿ ಕೂರುತ್ತವೆ. "ಹಿಂಗ ಹಿಡಿ, ಹಂಗ ಹಿಡಿ" ಅಂತ ಬೈಯುವ ಕೆಲಸ ತಪ್ಪಿತು.

ಯಾವ ಅಕ್ಷರದಿಂದ ಶುರು ಅಂತಲೂ ಕೇಳಿದ್ದೀರಿ. ಅ ಆ ಇ ಈ ಅಂತ ಸಾಲಾಗಿ ಬಾಯಲ್ಲಿ ಹೇಳಲಿ, ಬರೆಯುವುದಕ್ಕೆ ಆ ಸಾಲು ಬೇಡ. ಐದು ವರ್ಷದ ಮಗುವಿಗೆ 'ಈ' ಬರೆಯುವುದು ಎಷ್ಟು ಕಷ್ಟ ನೋಡಿ! ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು, ನನಗಂತೂ ತುಂಬಾ ಹಿಡಿಸಿತು. ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ಗರಗಸ ಎಲ್ಲಾ ಬಂದುಬಿಡುತ್ತವೆ. 'ಗರಗಸ' ಅಂತ ತಾನೇ ಬರೆದು ತಾನೇ ಓದಿದ ದಿನ ನನ್ನ ಮಗಳು ಓಣಿಯವರಿಗೆಲ್ಲ ಪಾಟಿ ತೋರಿಸಿ ಬಂದಳು. ಪ-ವ, ಮ-ಯ ಮಾತ್ರ ಒಂದೇ ವಾರದಲ್ಲಿ ಕಲಿಸಬೇಡಿ, ಅದಲು ಬದಲಾಗುತ್ತವೆ.

ಬೆರಳಿಗೆ ಶಕ್ತಿ ಬರಲು ಬೇರೆ ಕೆಲಸ ಕೊಡಿ. ಎಳ್ಳ ಅಮಾವಾಸ್ಯೆಯ ಭಜ್ಜಿ ಪಲ್ಯಕ್ಕೆ ಹಸಿ ತೊಗರಿಕಾಯಿ ಸುಲಿಯುತ್ತೇವಲ್ಲ, ಒಂದು ಬುಟ್ಟಿ ಅವನ ಮುಂದೆಯೂ ಇಡಿ. ಜೋಳದ ಹಿಟ್ಟು ನಾದುವಾಗ ಒಂದು ಉಂಡೆ ಅವನಿಗೂ ಇರಲಿ.

ಮಗ ಎಡಗೈ ಮುಂದೆ ಮಾಡುತ್ತಿದ್ದರೆ ದಯವಿಟ್ಟು ಬದಲಿಸಬೇಡಿ. ನನ್ನ ಅಣ್ಣನ ಮಗನಿಗೆ ಮನೆಯ ಹಿರಿಯರು ಹಟ ಹಿಡಿದು ಬಲಗೈಯಲ್ಲಿ ಬರೆಸಿದರು. ಪಾಪ, ಆ ಹುಡುಗ ಪುಸ್ತಕ ಕಂಡರೆ ಒಳಗೆ ಓಡುತ್ತಿದ್ದ. ಎಡಗೈಯವರಿಗೆ ಪುಸ್ತಕದ ಮೇಲಿನ ಎಡಮೂಲೆ ಸ್ವಲ್ಪ ಮೇಲಕ್ಕೆ ಬರುವ ಹಾಗೆ ಓರೆಯಾಗಿ ಇಟ್ಟುಕೊಟ್ಟರೆ ಸಾಕು, ಬರೆದದ್ದು ಅವರಿಗೆ ಕಾಣುತ್ತದೆ.

ಶಾಲೆಯಿಂದಲೇ ನಾಲ್ಕು ಪುಟ ಕೊಡುತ್ತಿದ್ದರೆ ಟೀಚರ್ ಹತ್ತಿರ ಒಮ್ಮೆ ಹೋಗಿ ಮಾತಾಡಿ. ನಾನು ಹೋಗಿ "ಅರ್ಧ ಪುಟ ನೀಟಾಗಿ ಬರೆಸಿ ಕಳಿಸ್ತೀನಿ ಮೇಡಂ, ನಡೀತದಾ?" ಅಂತ ಕೇಳಿದೆ, ಒಪ್ಪಿಕೊಂಡರು. ಇವತ್ತು ಸಂಜೆ ಅವನ ಪಕ್ಕದಲ್ಲಿ ಕೂತು 'ರ' ಬರೆಯಲು ಹೇಳಿ, ಎಲ್ಲಿಂದ ಶುರು ಮಾಡುತ್ತಾನೆ ಅಂತ ನೋಡಿ ನನಗೆ ತಿಳಿಸಿ.