ದೇವಿಮನೆ ಘಟ್ಟ ಇಳಿಯುವ ಪದ್ಮಿನಿಗೆ ಡಿಸ್ಕ್ ಬ್ರೇಕ್ ಬೇಕಾ?

ಪ್ರಶ್ನೆ: ನಮ್ಮದು 1978ರ ಪ್ರೀಮಿಯರ್ ಪದ್ಮಿನಿ. ಅಜ್ಜ ತೆಗೆದುಕೊಂಡಿದ್ದು, ಈಗಲೂ ಚೆನ್ನಾಗಿ ಓಡುತ್ತದೆ. ತಿಂಗಳಿಗೊಮ್ಮೆ ಶಿರಸಿಯಿಂದ ಕುಮಟಾಕ್ಕೆ ಹೋಗಿ ಬರುತ್ತೇವೆ. ದೇವಿಮನೆ ಘಟ್ಟದಲ್ಲಿ ಏಳೆಂಟು ತಿರುವು ಇಳಿದ ಮೇಲೆ ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತದೆ. ಅರ್ಧ ತಾಸು ನಿಲ್ಲಿಸಿದರೆ ಮತ್ತೆ ಸರಿ. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್, ಬ್ರೇಕ್ ಆಯಿಲ್ ಹೋಗುವ ಲೈನ್ ಒಂದೇ ಇದೆಯಂತೆ. ಗ್ಯಾರೇಜಿನವರು ಮಾರುತಿಯ ಡಿಸ್ಕ್ ಬ್ರೇಕ್ ಕೂರಿಸಿಬಿಡೋಣ ಅಂತಾರೆ. ಹಾಕಿಸಬಹುದಾ ಸರ್?
– ಶಿರಸಿಯ ಓದುಗರು

ಉತ್ತರ: ಹಾಕಿಸುವ ಮಾತು ಆಮೇಲೆ. ರಿಪೇರಿ ಆಗುವ ತನಕ ಆ ಗಾಡಿಯನ್ನು ಘಟ್ಟಕ್ಕೆ ಇಳಿಸಬೇಡಿ.

ನೀವು ಹೇಳಿದ ಲಕ್ಷಣದಲ್ಲೇ ಅರ್ಧ ಉತ್ತರ ಇದೆ. ಘಟ್ಟದಲ್ಲಿ ಬ್ರೇಕ್ ಕೈಕೊಡುವ ರೀತಿ ಬೇರೆ ಬೇರೆ. ಪೆಡಲ್ ಕಲ್ಲಿನಂತೆ ಗಟ್ಟಿ ಇದ್ದೂ ಗಾಡಿ ನಿಲ್ಲುತ್ತಿಲ್ಲ ಎಂದರೆ ಲೈನಿಂಗ್ (ಡ್ರಮ್ ಎಂಬ ತಿರುಗುವ ಡಬ್ಬಿಗೆ ಒಳಗಿನಿಂದ ಒತ್ತುವ ಶೂ ಮೇಲಿನ ಉಜ್ಜುವ ಪದರ) ಕಾದು ಹಿಡಿತ ಕಳೆದುಕೊಂಡಿದೆ. ಗಾಡಿ ತಣ್ಣಗಿದ್ದಾಗಲೂ, ಪೆಡಲ್ ಒತ್ತಿ ಹಿಡಿದರೆ ನಿಧಾನಕ್ಕೆ ಇಳಿಯುತ್ತಾ ಹೋದರೆ, ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ರಬ್ಬರ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ನಿಮ್ಮದು ಬಿಸಿಯಾದಾಗ ಮೆತ್ತಗಾಗಿ, ಆರಿದ ಮೇಲೆ ಸರಿಹೋಗುತ್ತದೆ. ಅಂದರೆ ಬಹುತೇಕ ಬ್ರೇಕ್ ಆಯಿಲ್ ಕುದಿಯುತ್ತಿದೆ. ಕುದ್ದ ಆಯಿಲ್‌ನಲ್ಲಿ ಆವಿಯ ಗುಳ್ಳೆ ಏಳುತ್ತವೆ. ನೀವು ತುಳಿದಾಗ ಆ ಗುಳ್ಳೆಗಳಷ್ಟೇ ಅಮುಕಿಕೊಳ್ಳುತ್ತವೆ, ಒತ್ತಡ ಗಾಲಿಗೆ ಮುಟ್ಟುವುದಿಲ್ಲ. ಜೊತೆಗೆ ಡ್ರಮ್ ಕಾದರೆ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಪೆಡಲ್ ಇನ್ನಷ್ಟು ಕೆಳಗೆ ಹೋಗಲು ಅದೂ ಕಾರಣ.

ಆಯಿಲ್ ಯಾಕೆ ಕುದಿಯುತ್ತದೆ? ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಮಲೆನಾಡಿನ ಮಳೆಗಾಲ ನಾಲ್ಕು ತಿಂಗಳು. ಆಯಿಲ್ ಕಡೆಯ ಸಲ ಪೂರ್ತಿ ಬದಲಾಯಿಸಿದ್ದು ಯಾವಾಗ ಅಂತ ಗ್ಯಾರೇಜಿನಲ್ಲಿ ಕೇಳಿ ನೋಡಿ. ‘ಕಮ್ಮಿ ಆದಾಗೆಲ್ಲ ಹಾಕಿದೀವಿ’ ಅಂದರೆ ಬದಲಾಯಿಸಿಲ್ಲ ಅಂತಲೇ ಅರ್ಥ.

ಇನ್ನು ಬಿಸಿ ಎಷ್ಟು ಅನ್ನುವ ಲೆಕ್ಕ. ನಾಲ್ಕು ಜನ, ಸಾಮಾನು ಸೇರಿ ಗಾಡಿ 1200 ಕಿಲೋ ಅಂದುಕೊಳ್ಳಿ. ಒಟ್ಟು 500 ಮೀಟರ್ ಇಳಿತದ ಭಾರವನ್ನೆಲ್ಲ ಬ್ರೇಕ್ ಒಂದೇ ತಡೆಯಬೇಕಾದರೆ, ಗಂಟೆಗೆ 60 ಕಿ.ಮೀ. ವೇಗದಿಂದ ಸುಮಾರು 35 ಸಲ ಪೂರ್ತಿ ನಿಲ್ಲಿಸಿದಷ್ಟು ಶಾಖ ಹುಟ್ಟುತ್ತದೆ. ಮುಚ್ಚಿದ ಡ್ರಮ್‌ನೊಳಗಿನ ಈ ಬಿಸಿ ಹೊರಗೆ ಹೋಗಲು ಹೊತ್ತು ಬೇಕು. ಅದಕ್ಕೇ ಹಳೇ ಡ್ರೈವರುಗಳು ಹತ್ತುವ ಗೇರಿನಲ್ಲೇ ಇಳಿಯಬೇಕು ಅನ್ನುತ್ತಿದ್ದರು. ಪದ್ಮಿನಿಯಲ್ಲಿ ಎರಡನೇ ಗೇರು ಹಾಕಿ, ಇಂಜಿನ್ ಗಾಡಿಯನ್ನು ಹಿಡಿಯಲಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟುಬಿಡಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಘಟ್ಟ ಇಳಿಯುವ ಚಟ ನಮ್ಮಲ್ಲಿ ಇನ್ನೂ ಕೆಲವರಿಗೆ ಇದೆ. ಉಳಿಯುವ ಪೆಟ್ರೋಲ್ ಬ್ರೇಕ್ ಶೂ ಖರ್ಚಿಗೂ ಸಾಲದು, ಜೀವದ ಮಾತು ಬೇರೆ.

ಈಗ ಗ್ಯಾರೇಜಿನ ಕೆಲಸ. ನಾಲ್ಕೂ ಡ್ರಮ್ ಬಿಚ್ಚಿಸಿ. ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಿಸಬೇಡಿ, ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಜಾಸ್ತಿ. ಒದ್ದೆ ಬಟ್ಟೆಯಲ್ಲಿ ಒರೆಸಲಿ. ಡ್ರಮ್ ಓರೆಕೋರೆಯಾಗಿದ್ದರೆ ಲೇತ್‌ನಲ್ಲಿ ಹೊಡೆಸಬಹುದು. ಆದರೆ ಈಗಾಗಲೇ ತೆಳುವಾಗಿದ್ದರೆ ಮತ್ತೆ ಹೊಡೆಸಬೇಡಿ, ತೆಳು ಡ್ರಮ್ ಬೇಗ ಕಾಯುತ್ತದೆ. ಹೊಡೆಸಿದ ಮೇಲೆ ಶೂನ ಬಾಗು ಡ್ರಮ್‌ನ ಬಾಗಿಗೆ ಕೂರುತ್ತದಾ ಅಂತ ನೋಡಲೇಬೇಕು. ಎಷ್ಟೋ ಕಡೆ ಇದನ್ನು ನೋಡುವುದೇ ಇಲ್ಲ, ಶೂ ಮಧ್ಯದಲ್ಲಷ್ಟೇ ತಾಗುತ್ತಿರುತ್ತದೆ. ಗಾಲಿಯಲ್ಲಿ ಶೂ ತಳ್ಳುವ ವೀಲ್ ಸಿಲಿಂಡರ್ ಒಳಗೆ ತುಕ್ಕಿನ ಗುಂಡಿ ಬಿದ್ದಿದ್ದರೆ ಬರೀ ರಬ್ಬರ್ ಕಿಟ್ ಹಾಕಿ ಪ್ರಯೋಜನ ಇಲ್ಲ, ಸಿಲಿಂಡರ್ ಹೊಸದೇ ಬೇಕು. ಮೂರೂ ರಬ್ಬರ್ ಹೋಸ್ ಬದಲಿಸಿ. ಪೆಡಲ್‌ಗೆ ಸ್ವಲ್ಪ ಫ್ರೀ ಪ್ಲೇ (ಒತ್ತಡ ಶುರುವಾಗುವ ಮೊದಲಿನ ಸಡಿಲ) ಇರಲಿ. ಇಲ್ಲದಿದ್ದರೆ ಆಯಿಲ್ ವಾಪಸ್ ಬರುವ ದಾರಿ ಮುಚ್ಚಿ, ಕಾಲು ತೆಗೆದರೂ ಬ್ರೇಕ್ ಹಿಡಿದೇ ಇರುತ್ತದೆ. ನಿಮ್ಮ ಗಾಡಿ ಅಷ್ಟು ಬೇಗ ಕಾಯುವುದಕ್ಕೆ ಇದೂ ಒಂದು ಕಾರಣ ಇರಬಹುದು. ಕೊನೆಗೆ ಡಾಟ್ 4 ಆಯಿಲ್ ತುಂಬಿ, ಏರ್ ತೆಗೆಸಿ.

ಇಷ್ಟಾದ ಮೇಲೂ ದುಡ್ಡಿದ್ದರೆ ನಾನು ಅದನ್ನು ಡಿಸ್ಕ್‌ಗಿಂತ ಮೊದಲು ಮಾಸ್ಟರ್ ಸಿಲಿಂಡರ್‌ಗೆ ಹಾಕುತ್ತೇನೆ. ನಾಲ್ಕೂ ಗಾಲಿಗೆ ಒಂದೇ ಲೈನ್ ಅಂದರೆ ಒಂದು ಹೋಸ್ ಒಡೆದರೂ ಪೂರ್ತಿ ಬ್ರೇಕ್ ಹೋಯಿತು. ಟ್ಯಾಂಡೆಮ್ (ಒಳಗೆ ಎರಡು ಭಾಗ ಇರುವ) ಮಾಸ್ಟರ್ ಸಿಲಿಂಡರ್ ಹಾಕಿ ಮುಂದಿನ ಲೈನ್, ಹಿಂದಿನ ಲೈನ್ ಬೇರೆ ಮಾಡಿದರೆ ಒಂದು ಹೋದರೆ ಇನ್ನೊಂದು ಉಳಿಯುತ್ತದೆ. ಹಳೇ ಕಾರಿಗೆ ಇದಕ್ಕಿಂತ ಒಳ್ಳೆಯ ಬದಲಾವಣೆ ಇಲ್ಲ. ಹೊರಗಿನಿಂದ ಕಾಣುವುದಿಲ್ಲ, ಹಾಗಾಗಿ ಯಾರೂ ಆಸೆಪಟ್ಟು ಮಾಡಿಸುವುದಿಲ್ಲ ಅಷ್ಟೇ.

ಡಿಸ್ಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೇಗ ಆರುತ್ತದೆ, ಮಳೆಯಲ್ಲಿ ನೆನೆದರೂ ಬೇಗ ಒಣಗುತ್ತದೆ. ಅದೇ ಪ್ರೀಮಿಯರ್ ಕಂಪನಿಯ 118ಎನ್‌ಇ ಕಾರಿಗೆ ಮುಂದೆ ಡಿಸ್ಕೇ ಇತ್ತು. ಆದರೆ ಡ್ರಮ್‌ನಲ್ಲಿ ಶೂ ತಿರುಗುವಿಕೆಯ ಜೊತೆ ತಾನೇ ಒಳಕ್ಕೆ ಎಳೆದುಕೊಂಡು ಹಿಡಿತ ಹೆಚ್ಚಿಸಿಕೊಳ್ಳುತ್ತದೆ. ಡಿಸ್ಕ್‌ಗೆ ಆ ಗುಣ ಇಲ್ಲ, ಕಾಲಿನ ಬಲ ಜಾಸ್ತಿ ಬೇಕು. ಅದಕ್ಕೆ ತುಳಿಯುವ ಬಲ ಹೆಚ್ಚಿಸುವ ಬೂಸ್ಟರ್ ಬೇಕಾಗುತ್ತದೆ. ಬೂಸ್ಟರ್ ಇಂಜಿನ್‌ನ ವ್ಯಾಕ್ಯೂಮ್ ಮೇಲೆ ನಡೆಯುವುದರಿಂದ ಇಂಜಿನ್ ಆಫ್ ಆದರೆ ಒಂದೆರಡು ಸಲ ತುಳಿಯುವಷ್ಟರಲ್ಲಿ ಅದರ ಸಹಾಯ ಮುಗಿಯುತ್ತದೆ. ಡಿಸ್ಕನ್ನು ಪ್ಯಾಡ್‌ಗಳಿಂದ ಅಮುಕಿ ಹಿಡಿಯುವ ಕ್ಯಾಲಿಪರ್‌ಗೆ ಆಯಿಲ್ ಕೂಡ ಜಾಸ್ತಿ ಬೇಕು, ಹಾಗಾಗಿ ಮಾಸ್ಟರ್ ಸಿಲಿಂಡರ್ ಅಳತೆ ಬದಲಾಗಬಹುದು. 19 ಎಂ.ಎಂ. ತೆಗೆದು 22 ಹಾಕಿದರೆ ಅದೇ ಒತ್ತಡಕ್ಕೆ ಮೂರನೇ ಒಂದರಷ್ಟು ಹೆಚ್ಚು ಬಲ ಕೊಟ್ಟು ತುಳಿಯಬೇಕು. ಡ್ರಮ್ ಲೈನ್‌ನಲ್ಲಿ ಸ್ವಲ್ಪ ಒತ್ತಡ ಹಿಡಿದಿಡುವ ವಾಲ್ವ್ ಇರುತ್ತದೆ. ಡಿಸ್ಕ್ ಲೈನ್‌ನಲ್ಲಿ ಅದನ್ನು ಹಾಗೇ ಬಿಟ್ಟರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಇದೆಲ್ಲ ನಿಮ್ಮ ಗ್ಯಾರೇಜಿನವರಿಗೆ ಗೊತ್ತಿದೆಯಾ ಕೇಳಿ. ಕ್ಯಾಲಿಪರ್ ಬ್ರಾಕೆಟ್ಟನ್ನು ಮುಂದಿನ ಗಾಲಿ ಕೂರುವ ಸ್ಟಬ್ ಆಕ್ಸಲ್‌ಗೆ ವೆಲ್ಡ್ ಮಾಡ್ತೀವಿ ಅಂದರೆ ಕಾರು ವಾಪಸ್ ತಂದುಬಿಡಿ. ದಪ್ಪ ಪ್ಲೇಟಿನಲ್ಲಿ ಕೊರೆದು ಬೋಲ್ಟ್ ಹಾಕಿ ಕೂರಿಸಬೇಕಾದ ಭಾಗ ಅದು.

ಪ್ರಶ್ನೆ: ಕಾರವಾರದಲ್ಲಿ ಸಮುದ್ರದ ಹತ್ತಿರವೇ ಮನೆ. ಅಂಬಾಸಿಡರ್ ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತಿರುತ್ತದೆ. ಪ್ರತಿ ವರ್ಷ ಹೊರಗೆ ತೆಗೆದಾಗ ಬ್ರೇಕ್ ಹಾಕಿದರೆ ಎಡಕ್ಕೆ ಎಳೆಯುತ್ತದೆ.

ಉತ್ತರ: ಎಡಕ್ಕೆ ಎಳೆಯುತ್ತದೆ ಅಂದರೆ ಬಲಗಡೆ ನೋಡಿ. ಅಲ್ಲಿಯ ವೀಲ್ ಸಿಲಿಂಡರ್ ಪಿಸ್ಟನ್ ತುಕ್ಕು ಹಿಡಿದು ಕೂತಿರಬಹುದು, ಹೋಸ್ ಒಳಗೇ ಊದಿ ಕಟ್ಟಿರಬಹುದು. ಲೈನಿಂಗ್ ಮೇಲೆ ಆಯಿಲ್ ಸೋರಿದ್ದರೂ ಹೀಗೇ ಆಗುತ್ತದೆ. ಉಪ್ಪುಗಾಳಿಗೆ ಕಬ್ಬಿಣದ ಬ್ರೇಕ್ ಪೈಪ್ ಹೊರಗಿನಿಂದಲೇ ತಿಂದುಹೋಗುತ್ತದೆ. ಗಾಡಿ ಎತ್ತಿದಾಗ ಹಿಂದಿನ ಆಕ್ಸಲ್ ಮೇಲಿನ ಪೈಪ್ ಕೆರೆದು ನೋಡಿ. ಬದಲಿಸುವುದಾದರೆ ತಾಮ್ರ–ನಿಕ್ಕಲ್ ಮಿಶ್ರಣದ ಪೈಪ್ ಹಾಕಿಸಿ. ಶುದ್ಧ ತಾಮ್ರ ಬೇಡ, ಅದು ನಡುಗಿ ನಡುಗಿ ಗಟ್ಟಿಯಾಗಿ ಸೀಳುತ್ತದೆ. ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಶೂ ಡ್ರಮ್‌ಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಗಾಲಿಗೆ ಕಟ್ಟಿಗೆಯ ಅಡ್ಡ ಕೊಡಿ. ಅಕ್ಟೋಬರ್‌ನಲ್ಲಿ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ.

ಪ್ರಶ್ನೆ: ಹೊನ್ನಾವರದಲ್ಲಿ 1968ರ ಫಿಯೆಟ್ 1100 ಇದೆ. ಡಿಸ್ಕ್ ಹಾಕಿದರೆ ವಿಂಟೇಜ್ ನೋಂದಣಿ ಸಿಗುವುದಿಲ್ಲವಾ?

ಉತ್ತರ: 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ ಶೆಲ್, ಇಂಜಿನ್ ಇಂಥವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಲ್ಲಿ ಬ್ರೇಕ್‌ನ ಹೆಸರು ಹೇಳಿಲ್ಲ. ಆದರೂ ಕೆಲಸಕ್ಕೆ ಕೈಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲಿ ಕೇಳಿಕೊಳ್ಳಿ, ಬಿಚ್ಚಿದ ಹಳೇ ಭಾಗಗಳನ್ನು ಗುಜರಿಗೆ ಕೊಡಬೇಡಿ. ಹೊಸದಾಗಿ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ವಿಂಟೇಜ್ ನಂಬರ್ ಬಂದ ಮೇಲೆ ಆ ಕಾರನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ. ದಿನವೂ ಪೇಟೆಗೆ ಹೋಗುವ ಗಾಡಿಯಾದರೆ ಮಾಮೂಲಿ ಆರ್‌ಸಿ ನವೀಕರಿಸಿಕೊಂಡು ಓಡಿಸಿ.