ಕಾಸರಗೋಡಿನ ಹಳ್ಳಿಗೆ ಮರಳುವವರು ಮೊದಲು ಬೋರ್‌ವೆಲ್ ತೆಗೆಸಬೇಕೇ?

ಬೇಡ. ನಿಮ್ಮದು ಎರಡು ಎಕರೆ ಅಡಿಕೆ ತೋಟ, ಗುಡ್ಡೆಯ ಬದಿಯಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಹಳೆಯ ಸುರಂಗ, ಬೆಂಗಳೂರು ಬಿಟ್ಟು ಬರುವ ಯೋಚನೆ. ರಸ್ತೆ, ಕರೆಂಟು, ನೆಟ್ ಉಂಟು, ಬೋರ್ ತೆಗೆಸಿದರೆ ಸೌಕರ್ಯ ಪೂರ್ತಿಯಾಯಿತಲ್ಲ ಎಂದು ಕೇಳಿದ್ದೀರಿ. ಬಾಯಾರು ಕಡೆಯ ನಮ್ಮ ಮನೆಗೆ ವಾಪಸಾದಾಗ ನನ್ನ ಲೆಕ್ಕವೂ ಹೀಗೇ ಇತ್ತು. ಈ ಲೆಕ್ಕವೇ ತಲೆಕೆಳಗು. ಇಲ್ಲಿ ನೀರು ಮೊದಲು, ಅದರಲ್ಲೂ ಸುರಂಗದ ನೀರು, ಉಳಿದದ್ದೆಲ್ಲ ಆಮೇಲೆ.

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬಂದರೂ ಹೆಚ್ಚಿನ ತೋಡುಗಳು (ಸಣ್ಣ ಹಳ್ಳಗಳು) ಬೇಸಗೆಗೆ ಒಣಗುತ್ತವೆ. ಇಳಿಜಾರಿನಲ್ಲಿ ಬಿದ್ದದ್ದು ಓಡಿ ಸಮುದ್ರ ಸೇರುತ್ತದೆ, ಮುರಕಲ್ಲಿನೊಳಗೆ (ಇಲ್ಲಿನ ಕೆಂಪು ತೂತುಗಲ್ಲು) ಇಂಗಿದ್ದು ಮಾತ್ರ ನಮಗೆ. ಸುರಂಗ ಅದನ್ನು ಅಡ್ಡಕ್ಕೆ ಹೋಗಿ ಹಿಡಿಯುತ್ತದೆ. ಸುಮಾರು ಎರಡೂವರೆ ಅಡಿ ಅಗಲ, ಒಬ್ಬ ನಿಂತು ಪಿಕ್ಕಾಸು ಬೀಸುವಷ್ಟು ಎತ್ತರ, ಒಳಹೋದಂತೆ ಚೂರು ಚೂರೇ ಏರು. ಆ ಏರಿನಿಂದಲೇ ನೀರು ಮೋಟಾರಿಲ್ಲದೆ ಹೊರಬರುವುದು.

ಹೆಚ್ಚಿನವರು ಕೆಡುವುದು ಒಂದೇ ಕಡೆ: ಬೋರಿನಲ್ಲಿ ನೀರು ಸಿಕ್ಕಿತೆಂದು ಸುರಂಗದತ್ತ ತಿರುಗಿ ನೋಡುವುದಿಲ್ಲ. ಬಾಯಿಯಲ್ಲಿ ತರಗೆಲೆ, ಜರಿದ ಮಣ್ಣು ಸೇರುತ್ತದೆ. ಹರಿವಿನ ಕಣಿ, ಅಂದರೆ ಸಣ್ಣ ಕಾಲುವೆ, ಕಟ್ಟಿಕೊಂಡು ನೀರು ಒಳಗೇ ನಿಲ್ಲುತ್ತದೆ. ಮುರಕಲ್ಲಿನ ಗೋಡೆ ಗಟ್ಟಿಯಾಗಿದ್ದರೂ ನಡುನಡುವೆ ಶೇಡಿಮಣ್ಣಿನ (ಮೆತ್ತನೆಯ ಜೇಡಿಯಂಥ ಮಣ್ಣು) ಪದರ ಇರುತ್ತದೆ. ನಿಂತ ನೀರಿಗೆ ಅದು ನೆನೆದು ಮೆತ್ತಗಾಗಿ ಕುಸಿಯುತ್ತದೆ. ಕುಸಿದ ಮಣ್ಣಿನ ಹಿಂದೆ ಮತ್ತಷ್ಟು ನೀರು ತುಂಬುತ್ತದೆ. ಆಮೇಲೆ ಅದನ್ನು ಬಿಡಿಸುವುದು ಜೀವಕ್ಕೇ ಅಪಾಯ, ಕೆಲಸ ಬಲ್ಲವರೂ ಈಗ ಕಡಿಮೆ. ಇತ್ತ ಬೋರ್ ಕೈಕೊಟ್ಟರೆ ತೋಟಕ್ಕೆ ಎರಡೂ ಇಲ್ಲ. ಮನೆಗೆ ದಾರಿ ಮಾಡುವಾಗ ಸುರಂಗದ ತಲೆಯ ಮೇಲೆ ಜೆಸಿಬಿ ಓಡಿಸಿದರೂ ಇದೇ ಗತಿ.

ಆದ್ದರಿಂದ ಮಳೆ ಬಿಟ್ಟ ಮೇಲೆ ಬಾಯಿ ಬಿಡಿಸಿ, ಕಣಿ ಕೆರೆಸಿ. ಒಬ್ಬರೇ ಒಳಹೋಗಬೇಡಿ. ಮೇಣದಬತ್ತಿ ಹಚ್ಚಿ ಮುಂದೆ ಹಿಡಿಯುವುದು ಹಿಂದಿನಿಂದ ಬಂದ ಕ್ರಮ: ಜ್ವಾಲೆ ಸಣ್ಣದಾದರೆ ಒಳಗೆ ಒಳ್ಳೆಯ ಗಾಳಿ ಸಾಲದು, ಅಲ್ಲಿಂದಲೇ ಹಿಂದಕ್ಕೆ. ಬತ್ತಿ ಉರಿಯುತ್ತಿದೆಯೆಂದು ಪೂರ್ತಿ ನಂಬಲೂ ಬೇಡಿ, ಗೋಡೆಯಲ್ಲಿ ಹೊಸ ಬಿರುಕು, ಉದುರಿದ ಮಣ್ಣು ಕಂಡರೆ ಸುರಂಗದ ಕೆಲಸ ಬಲ್ಲವರನ್ನೇ ಕರೆಯಿರಿ.

ಎಪ್ರಿಲ್ ಕೊನೆಗೆ ಹರಿವು ಅಳೆಯಿರಿ. ಅಕ್ಟೋಬರದ ಅಳತೆ ಮೋಸ. ಬಾಯಿಗೆ ಪೈಪಿಟ್ಟು 20 ಲೀಟರಿನ ಬಕೆಟು ತುಂಬಲು ಎಷ್ಟು ಸೆಕೆಂಡು ನೋಡಿ. 75 ಸೆಕೆಂಡಾದರೆ ನಿಮಿಷಕ್ಕೆ 16 ಲೀಟರ್, ದಿನಕ್ಕೆ 23,000. ಒಂಬತ್ತಡಿ ಅಂತರದ ತೋಟವಾದರೆ ಎರಡು ಎಕರೆಗೆ ಸುಮಾರು 1,100 ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರಿನಂತೆ 22,000. ಸಾಕಾಯಿತು! ರಾತ್ರಿಯ ಹರಿವು ಹಿಡಿಯಲು 12,000 ಲೀಟರಿನ ಟ್ಯಾಂಕಿ ಬೇಕು, ಮನೆಬಳಕೆಗೆ ಬೇರೆ ನೀರು ನೋಡಿಕೊಳ್ಳಬೇಕು. ಟ್ಯಾಂಕಿ ತೋಟಕ್ಕಿಂತ ಹತ್ತು ಮೀಟರ್ ಮೇಲಿದ್ದರೆ ಕರೆಂಟು ಹೋದರೂ ಹನಿ ಬೀಳುತ್ತದೆ. ಫಿಲ್ಟರ್ ಹಾಕದಿದ್ದರೆ ಮಣ್ಣು ಕಟ್ಟಿ ಡ್ರಿಪ್ಪರ್ ಹಾಳು. ಸ್ಪ್ರಿಂಕ್ಲರಿಗೆ ಮಾತ್ರ ಈ ನೀರು ಸಾಲದು.

ಉಳಿದ ಸೌಕರ್ಯದ ಬಗ್ಗೆ ಹೆಚ್ಚು ಹೆದರುವುದು ಬೇಡ. ಪಂಚಾಯತಿನಲ್ಲೇ ಕೃಷಿಭವನ (ಕೃಷಿ ಇಲಾಖೆಯ ಕಚೇರಿ), ಹತ್ತಿರದಲ್ಲಿ ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರ ಇರುತ್ತದೆ. ಕೇರಳದಲ್ಲಿದ್ದರೂ ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ನಮಗಿದೆ, ಬಿಟ್ಟುಕೊಡಬೇಡಿ. ನನ್ನ ಚಿಂತೆ ಆಸ್ಪತ್ರೆಯದ್ದು. ದೊಡ್ಡ ಕಾಯಿಲೆಗೆ ಮಂಗಳೂರೇ ಗತಿ, 2020ರಲ್ಲಿ ಕೊರೋನಾ ಕಾಲಕ್ಕೆ ಕರ್ನಾಟಕದ ಕಡೆಯ ತಲಪಾಡಿ ಗಡಿ ಮುಚ್ಚಿದಾಗ ಇಲ್ಲಿನ ರೋಗಿಗಳು ಪಟ್ಟ ಪಾಡು ಮರೆಯುವಂಥದ್ದಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಯೋಚಿಸಿಯೇ ಬನ್ನಿ.

ಅಳತೆ ಕಡಿಮೆ ಬಂದರೂ ಬೋರಿಗೆ ಓಡಬೇಡಿ. ಸುರಂಗದೊಳಗೆ ಒರತೆ ಹೆಚ್ಚಿರುವ ಕಡೆಗೆ ಕವಲು ತೆಗೆಸಬಹುದೋ ಎಂದು ಸುರಂಗ ಕೊರೆಯುವವರಲ್ಲಿ ಕೇಳಿ. ತೋಡಿನಲ್ಲಿ ಹರಿವು ಇರುವಾಗಲೇ, ಡಿಸೆಂಬರ್ ಹೊತ್ತಿಗೆ, ನೆರೆಯವರ ಜೊತೆ ಸೇರಿ ಕಲ್ಲು-ಮಣ್ಣಿನ ಕಟ್ಟ, ಅಂದರೆ ನೀರು ತಡೆಯುವ ಅಡ್ಡ ಒಡ್ಡು, ಹಾಕಿ. ಬದಿಯ ಬಾವಿಗಳಲ್ಲಿ ನೀರು ಏರುತ್ತದೆ. ಇಷ್ಟಾದ ಮೇಲೂ ಸಾಲದಿದ್ದರೆ ಆಗ ಬೋರಿನ ಮಾತು.