ಹಳೇ ಬ್ರಿಟಿಷ್ ನಾಣ್ಯ ಆನ್‌ಲೈನ್‌ನಲ್ಲಿ ಕೊಳ್ಳಬಹುದಾ? ಎಲ್ಲಿಂದ ಶುರು ಮಾಡಲಿ?

ಇಂಗ್ಲೆಂಡಿಗೆ ಬಂದು ಒಂದು ವರ್ಷ ಆಯ್ತು, ಹಳೇ ಬ್ರಿಟಿಷ್ ನಾಣ್ಯ ಕೂಡಿಡುವ ಆಸೆ, ತಿಂಗಳಿಗೆ 20 ಪೌಂಡ್ ತೆಗೆದಿಡಬಹುದು ಅಂತ ಬರೆದಿದ್ದೀರಿ. ಆನ್‌ಲೈನ್‌ನಲ್ಲಿ ಮೋಸ ಹೋಗದೆ ಕೊಳ್ಳುವುದು ಹೇಗೆ, ಬೆಳ್ಳಿಯಿಂದ ಶುರು ಮಾಡಲಾ ಚಿನ್ನದಿಂದಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಪೆನ್ನಿಯಿಂದ ಶುರು ಮಾಡಿ.

ಯಾಕಂದ್ರೆ ಮೊದಲ ವರ್ಷ ನೀವು ತಪ್ಪು ಮಾಡಿಯೇ ಮಾಡುತ್ತೀರಿ. ಸವೆದ ಪೆನ್ನಿ ಒಂದು ಪೌಂಡಿನೊಳಗೇ ಸಿಗುತ್ತದೆ. ಅದರಲ್ಲಿ ಎಡವಿದರೆ ಹೋಗುವುದು ಒಂದು ಕಾಫಿಯ ದುಡ್ಡೂ ಅಲ್ಲ. ಚಿನ್ನದ ಸಾವರಿನ್‌ನಲ್ಲಿ ಎಡವಿದರೆ ಆ ತಿಂಗಳ ಬಾಡಿಗೆಗೇ ತತ್ವಾರ.

ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಎಂಟು ವರ್ಷದಿಂದ ಇದ್ದೇನೆ. ಈ ಹುಚ್ಚು ಹತ್ತಿದ್ದು ಒಂದು ಭಾನುವಾರದ ಕಾರ್ ಬೂಟ್ ಸೇಲ್‌ನಲ್ಲಿ, ಅಂದ್ರೆ ಜನ ಮನೆಯ ಹಳೇ ಸಾಮಾನು ಕಾರಿನಲ್ಲಿ ತಂದು ಮಾರುವ ಸಂತೆಯಲ್ಲಿ. ಒಬ್ಬ ಅಜ್ಜ ಐಸ್‌ಕ್ರೀಮ್ ಡಬ್ಬದ ತುಂಬ ಪೆನ್ನಿ ಇಟ್ಟುಕೊಂಡು ಕೂತಿದ್ದರು. ಸುಮ್ನೆ ಕೈ ಹಾಕಿದೆ. ಅಂಗೈಯಷ್ಟಲ್ಲದಿದ್ದರೂ ಅಗಲವಾದ ಕಂಚಿನ ಬಿಲ್ಲೆ. 1862 ಅಂತ ಇತ್ತು. ರಾಣಿ ವಿಕ್ಟೋರಿಯಾಳ ಕೆನ್ನೆ, ಕಿವಿ ಎಲ್ಲ ಸವೆದು ನುಣ್ಣಗಾಗಿದ್ದವು, ತಲೆಯ ಹಿಂದಿನ ತುರುಬು ಮಾತ್ರ ಕೈಗೆ ಸಿಗುತ್ತಿತ್ತು. ಇಲ್ಲಿನವರು ಅದನ್ನು ಬನ್ ಪೆನ್ನಿ ಅಂತಾರೆ, ನಮ್ಮ ಮನೆಯಲ್ಲಿ ತುರುಬಿನ ಪೆನ್ನಿ. 1860ರಲ್ಲಿ ತಾಮ್ರದ ಪೆನ್ನಿ ನಿಲ್ಲಿಸಿ ಕಂಚಿನದು ತಂದಾಗ ಈ ಮುಖ ಬಂತು, 1894ರವರೆಗೂ ಇತ್ತು.

ಆಗಿನ ಲೆಕ್ಕ ಬೇರೆ. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್. ಅಂದ್ರೆ ಪೌಂಡಿಗೆ 240 ಪೆನ್ನಿ. ನಮ್ಮ ರೂಪಾಯಿ, ಆಣೆ, ಕಾಸಿನ ಲೆಕ್ಕ ಕೇಳಿ ಬೆಳೆದವರಿಗೆ ಇದು ಅಷ್ಟು ವಿಚಿತ್ರ ಅನ್ನಿಸುವುದಿಲ್ಲ. 1971ರ ಫೆಬ್ರವರಿ 15ಕ್ಕೆ ಈ ಲೆಕ್ಕ ಮುಗಿದು ಪೌಂಡಿಗೆ 100 ಪೆನ್ಸ್ ಆಯಿತು. ಅಲ್ಲಿಯವರೆಗೆ ಅಂಗಡಿಯ ಚಿಲ್ಲರೆಯಲ್ಲಿ ವಿಕ್ಟೋರಿಯಾ ಪೆನ್ನಿ ಬರುತ್ತಲೇ ಇತ್ತು. ನೂರು ವರ್ಷ ಜನರ ಜೇಬಿನಲ್ಲಿ ಓಡಾಡಿದ ನಾಣ್ಯ ಅದು, ಸವೆಯದೆ ಇನ್ನೇನು.

ಪೆನ್ನಿಯ ಇನ್ನೊಂದು ಗುಣ ನನಗೆ ತುಂಬ ಇಷ್ಟ. ಮೂರು ಪೆನ್ನಿ ಸೇರಿದರೆ ಸರಿಯಾಗಿ ಒಂದು ಔನ್ಸ್. ಅರ್ಧ ಪೆನ್ನಿ ಐದು ಬೇಕು, ಫಾರ್ದಿಂಗ್ ಅಂದರೆ ಕಾಲು ಪೆನ್ನಿ ಹತ್ತು. ಆದ್ದರಿಂದ ಹೊಸ ಪೆನ್ನಿ 9.4 ಗ್ರಾಂ ಚಿಲ್ಲರೆ ತೂಗಬೇಕು. ಸವೆದಿದ್ದರೆ 9ರ ಆಸುಪಾಸು. ಮೊದಲ ನಾಣ್ಯಕ್ಕಿಂತ ಮೊದಲು ಗ್ರಾಂನ ನೂರನೇ ಒಂದು ಭಾಗ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ತರಿಸಿಕೊಳ್ಳಿ. ಹತ್ತು ಪೌಂಡ್ ಆಗಬಹುದು. ಅದು ಯಾಕೆ ಬೇಕು ಅಂತ ನನ್ನ ಕಥೆ ಹೇಳಿದರೆ ಗೊತ್ತಾಗುತ್ತದೆ.

ಎರಡನೇ ವರ್ಷಕ್ಕೇ ನಾನು ಬೆಳ್ಳಿಗೆ ಹಾರಿದ್ದೆ. ಒಂದು ಹರಾಜು ಸೈಟಿನಲ್ಲಿ 1889ರ ಕ್ರೌನ್ ಕಂಡಿತು. ದೊಡ್ಡ ಬೆಳ್ಳಿ ನಾಣ್ಯ, ಒಂದು ಕಡೆ ವಿಕ್ಟೋರಿಯಾ, ಇನ್ನೊಂದು ಕಡೆ ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ಲುವ ಸಂತ ಜಾರ್ಜ್. ಮಾರುವವನು ‘ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು, ನನಗೆ ನಾಣ್ಯದ ಬಗ್ಗೆ ಏನೂ ಗೊತ್ತಿಲ್ಲ’ ಅಂತ ಬರೆದಿದ್ದ. ಪಾಪ, ಬೆಲೆ ಗೊತ್ತಿಲ್ಲದೆ ಕಡಿಮೆಗೆ ಕೊಡುತ್ತಿದ್ದಾನೆ, ನಾನೇ ಜಾಣ ಅಂದುಕೊಂಡೆ. 35 ಪೌಂಡ್ ಕೊಟ್ಟೆ. ಬಂದಿದ್ದನ್ನು ಎರಡು ತಿಂಗಳು ಗೆಳೆಯರಿಗೆಲ್ಲ ತೋರಿಸಿದೆ. ಆಮೇಲೆ ತಕ್ಕಡಿ ಬಂತು. ಕ್ರೌನ್ 28.28 ಗ್ರಾಂ ತೂಗಬೇಕು. ನನ್ನದು 22 ಕೂಡ ಮುಟ್ಟಲಿಲ್ಲ. ಭೂತಗನ್ನಡಿ ಇಟ್ಟು ನೋಡಿದರೆ ಕುದುರೆಯ ಬಾಲದ ಕೂದಲೆಲ್ಲ ಸೋಪಿನಲ್ಲಿ ಕೊರೆದ ಹಾಗೆ ಮೊಂಡು. ವಾಪಸ್ ಕೊಡುವ ದಿನ ಕಳೆದುಹೋಗಿತ್ತು. ಅದು ಈಗಲೂ ನನ್ನ ಮೇಜಿನ ಮೇಲಿದೆ, ಕಾಗದ ಹಾರದಂತೆ ಇಡಲು.

ಆಗ ಒಂದು ವಿಷಯ ತಿಳಿದಿದ್ದರೆ ತಕ್ಕಡಿಯೂ ಬೇಕಿರಲಿಲ್ಲ. ಆ ಕಾಲದ ಬೆಳ್ಳಿ ನಾಣ್ಯಗಳ ತೂಕ ಅವುಗಳ ಬೆಲೆಗೆ ತಕ್ಕ ಹಾಗೆ ಇರುತ್ತಿತ್ತು. ಕ್ರೌನ್ ಅಂದರೆ ಐದು ಶಿಲಿಂಗ್. ಒಂದು ಶಿಲಿಂಗ್ 5.66 ಗ್ರಾಂ, ಹಾಗಾಗಿ ಐದು ಶಿಲಿಂಗ್ ಒಟ್ಟಿಗೆ ಇಟ್ಟರೆ ಒಂದು ಕ್ರೌನ್ ತೂಕ. ಆರು ಪೆನ್ಸ್ ನಾಣ್ಯ ಶಿಲಿಂಗಿನ ಅರ್ಧ. ಒಂದು ಕೈಯಲ್ಲಿ ಅಸಲಿ ಶಿಲಿಂಗ್ ಐದು, ಇನ್ನೊಂದು ಕೈಯಲ್ಲಿ ನನ್ನ ಕ್ರೌನ್ ಹಿಡಿದಿದ್ದರೆ ಕೈಯೇ ಹೇಳುತ್ತಿತ್ತು.

ಬೆಳ್ಳಿಗೆ ಹೋದಾಗ ಎರಡು ಇಸವಿ ನೆನಪಿಟ್ಟುಕೊಳ್ಳಿ. 1919ರವರೆಗಿನ ನಾಣ್ಯದಲ್ಲಿ ನೂರಕ್ಕೆ 92.5 ಪಾಲು ಬೆಳ್ಳಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಬೆಳ್ಳಿಯ ಬೆಲೆ ಏರಿತು, 1920ರಿಂದ ಅರ್ಧಕ್ಕರ್ಧ ಮಾಡಿದರು. ಎರಡನೇ ಯುದ್ಧದಲ್ಲಿ ಅಮೆರಿಕದಿಂದ ಸಾಲ ತಂದ ಬೆಳ್ಳಿ ತೀರಿಸಬೇಕಿತ್ತು, 1947ರಿಂದ ದಿನಬಳಕೆಯ ನಾಣ್ಯದಲ್ಲಿ ಬೆಳ್ಳಿಯೇ ಇಲ್ಲ, ಬರೀ ತಾಮ್ರ ಮತ್ತು ನಿಕ್ಕಲ್. 1950ರ ಅರ್ಧ ಕ್ರೌನ್ ತೋರಿಸಿ ‘ಬೆಳ್ಳಿ ನಾಣ್ಯ’ ಅಂತ ಬರೆದಿದ್ದರೆ ಆ ಮಾರಾಟಗಾರನ ಬೇರೆ ನಾಣ್ಯಗಳ ಕಡೆಗೂ ನೋಡಬೇಡಿ.

ಈಗ ಕೊಳ್ಳುವ ಮಾತು. ನಿಮ್ಮ ಮೊದಲ ಎರಡು ನಾಣ್ಯ ನಾನೇ ಹೇಳಿಬಿಡುತ್ತೇನೆ: 1948ರ ಪೆನ್ನಿ ಒಂದು, 1949ರ ಪೆನ್ನಿ ಒಂದು. ಎರಡೂ ಸಾಮಾನ್ಯ, ಎರಡೂ ಅಗ್ಗ. ಪಕ್ಕಪಕ್ಕ ಇಟ್ಟು ಆರನೇ ಜಾರ್ಜ್ ರಾಜನ ತಲೆಯ ಸುತ್ತಲಿನ ಲ್ಯಾಟಿನ್ ಅಕ್ಷರ ಓದಿ. 1948ರದರ ಕೊನೆಯಲ್ಲಿ ‘ಇಂಡ್ ಇಂಪ್’ ಅಂತ ಇದೆ. ಭಾರತದ ಚಕ್ರವರ್ತಿ ಅನ್ನುವುದರ ಚುಟುಕು ರೂಪ. 1949ರದರಲ್ಲಿ ಅದು ಇಲ್ಲ. 1948ರ ಜೂನ್‌ನಲ್ಲಿ ರಾಜ ಆ ಬಿರುದು ಬಿಟ್ಟುಕೊಟ್ಟ. ಅಷ್ಟು ಅಕ್ಷರ ಹೋದ ಮೇಲೆ ಉಳಿದ ಜಾಗಕ್ಕೆ ಏನು ಮಾಡಿದರು ಅಂತೀರಾ? ಮೊದಲು ‘ಎಫ್ ಡಿ’ ಅಂತ ಎರಡೇ ಅಕ್ಷರದಲ್ಲಿದ್ದ ಇನ್ನೊಂದು ಬಿರುದನ್ನು, ಅಂದರೆ ಧರ್ಮರಕ್ಷಕ ಅನ್ನುವುದನ್ನು, ‘ಫಿಡೈ ಡೆಫ್’ ಅಂತ ಎಳೆದು ಬರೆದರು. ನನಗಂತೂ ಮೊದಲ ಸಲ ನೋಡಿದಾಗ ಜೋರಾಗಿ ನಗು ಬಂತು. ಸ್ವಾತಂತ್ರ್ಯದ ಬಗ್ಗೆ ಶಾಲೆಯಲ್ಲಿ ಎಷ್ಟೋ ಓದಿದ್ದೆ, ಇಲ್ಲಿನ ಚಿಲ್ಲರೆ ಕಾಸಿನ ಮೇಲೆ ಅದರ ಗುರುತು ಇದೆ ಅಂತ ಯಾರೂ ಹೇಳಿರಲಿಲ್ಲ. ‘ಇಂಡ್ ಇಂಪ್’ ಪೆನ್ನಿಯ ಮೇಲೆ ಮೊದಲು ಬಂದಿದ್ದು ನೋಡಬೇಕಾದರೆ 1895ರ ಪೆನ್ನಿ ಹುಡುಕಿ. ಬೆಳ್ಳಿ ನಾಣ್ಯಕ್ಕೆ ಅದು 1893ರಲ್ಲೇ ಬಂದಿತ್ತು.

ಮೂರನೆಯದು ಇಂಗ್ಲೆಂಡಿನಲ್ಲಿ ಅಚ್ಚಾದರೂ ಇಲ್ಲಿಗಾಗಿ ಅಲ್ಲ. ‘ಹತ್ತು ಕಾಸು’ ನಾಣ್ಯ. ಇಂಗ್ಲಿಷಿನಲ್ಲಿ ಕ್ಯಾಶ್ ಅಂತ ಇರುತ್ತದೆ, ಅದು ನಮ್ಮ ಕಾಸೇ. 1808ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಸೋಹೋ ಟಂಕಸಾಲೆಯಲ್ಲಿ, ಉಗಿಯಂತ್ರದಿಂದ, ಈಸ್ಟ್ ಇಂಡಿಯಾ ಕಂಪನಿಗೆ ಹೊಡೆದದ್ದು. ಒಂದು ಕಡೆ ಕಂಪನಿಯ ಲಾಂಛನ, ಇನ್ನೊಂದು ಕಡೆ ಪಾರಸಿ ಬರಹ. ಮದ್ರಾಸಿಗೆ ಹೊರಟ ಅಡ್ಮಿರಲ್ ಗಾರ್ಡ್ನರ್ ಅನ್ನುವ ಹಡಗಿನಲ್ಲಿ ಪೀಪಾಯಿಗಟ್ಟಲೆ ತುಂಬಿದ್ದರು. 1809ರ ಜನವರಿಯಲ್ಲಿ ಇಂಗ್ಲೆಂಡಿನ ಕೆಂಟ್ ತೀರದ ಗುಡ್ವಿನ್ ಮರಳುದಿಬ್ಬಕ್ಕೆ ಸಿಕ್ಕಿ ಬಿರುಗಾಳಿಯಲ್ಲಿ ಹಡಗು ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ರಾಶಿ ರಾಶಿ ಮೇಲೆತ್ತಿದರು. ಆದ್ದರಿಂದಲೇ ಇನ್ನೂರು ವರ್ಷದ ನಾಣ್ಯ ಇಷ್ಟು ಅಗ್ಗಕ್ಕೆ ಆನ್‌ಲೈನ್‌ನಲ್ಲಿ ಸಿಗುವುದು. ಆಗ ಬಳ್ಳಾರಿ, ಮಂಗಳೂರು ಎರಡೂ ಕಂಪನಿಯ ಮದ್ರಾಸ್ ಆಡಳಿತದಲ್ಲಿದ್ದವು. ಹಡಗು ದಡ ಮುಟ್ಟಿದ್ದರೆ ಇದೇ ಕಾಸು ನಮ್ಮವರ ಸೊಂಟದ ಚೀಲಕ್ಕೂ ಬರುತ್ತಿತ್ತೇನೋ. ಸಮುದ್ರದಲ್ಲಿ ಇದ್ದುದರಿಂದ ಕೆಲವು ತುಂಬ ತಿಂದುಹೋಗಿರುತ್ತವೆ, ಫೋಟೋ ಸರಿಯಾಗಿ ನೋಡಿ ತಗೊಳ್ಳಿ.

ಜಾಹೀರಾತಿನ ಭಾಷೆ ಓದುವುದನ್ನೂ ಕಲಿಯಬೇಕು. ಇಲ್ಲಿ ನಾಣ್ಯದ ಸ್ಥಿತಿಗೆ ದರ್ಜೆಗಳಿವೆ. ‘ಫೈನ್’ ಅಂದರೆ ಚೆನ್ನಾಗಿದೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಸಾಕಷ್ಟು ಸವೆದಿದೆ ಅಂತ ಅರ್ಥ. ‘ಗುಡ್’ ಇನ್ನೂ ಕೆಳಗೆ, ಅದು ಹೆಚ್ಚುಕಡಿಮೆ ಬೋಳು. ‘ವೆರಿ ಫೈನ್’ ಅಂದರೆ ಪರವಾಗಿಲ್ಲ, ‘ಎಕ್ಸ್‌ಟ್ರೀಮ್ಲಿ ಫೈನ್’ ಅಂದರೆ ನಿಜಕ್ಕೂ ಚೆನ್ನ. ‘ರೇರ್’ ಅನ್ನುವ ಪದಕ್ಕೆ ಮಾತ್ರ ಯಾವ ಅರ್ಥವೂ ಇಲ್ಲ. ಚರ್ಚಿಲ್ ಸತ್ತ ವರ್ಷ, 1965ರಲ್ಲಿ ಬಂದ ಕ್ರೌನ್ ಸುಮಾರು ಎರಡು ಕೋಟಿ ಅಚ್ಚಾಗಿದೆ, ಅದನ್ನೂ ರೇರ್ ಅಂತಲೇ ಮಾರುತ್ತಾರೆ. ನಿಜವಾದ ಅಪರೂಪ ಅಂದರೆ 1933ರ ಪೆನ್ನಿ. ಆ ವರ್ಷ ದೇಶದಲ್ಲಿ ಪೆನ್ನಿ ಬೇಕಾದಷ್ಟಿತ್ತು, ಹಾಗಾಗಿ ಟಂಕಸಾಲೆ ಬೆರಳೆಣಿಕೆಯಷ್ಟು ಮಾತ್ರ ಹೊಡೆಯಿತು, ಕೆಲವನ್ನು ಕಟ್ಟಡಗಳ ಅಡಿಗಲ್ಲಿನ ಕೆಳಗೆ ಇಟ್ಟರು. ಲೀಡ್ಸ್‌ನ ಒಂದು ಚರ್ಚಿನ ಅಡಿಗಲ್ಲು ಕಿತ್ತು 1970ರಲ್ಲಿ ಕಳ್ಳರು ಅದನ್ನು ಎತ್ತಿಕೊಂಡು ಹೋದರು! ಅಂಥದ್ದು 40 ಪೌಂಡಿಗೆ ನಿಮ್ಮ ಫೋನಿಗೆ ಬರುವುದಿಲ್ಲ, ಬಂದರೆ ನಕಲಿ.

ಬೆಲೆ ತಿಳಿಯಲು ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡಿ. ಹರಾಜು ಸೈಟುಗಳಲ್ಲಿ ಮಾರಾಟವಾದ ವಸ್ತು ಮಾತ್ರ ತೋರಿಸುವ ಫಿಲ್ಟರ್ ಇರುತ್ತದೆ, ಅದನ್ನು ಒತ್ತಿ. ಎರಡೂ ಮುಖದ ಫೋಟೋ ಇಲ್ಲದಿದ್ದರೆ ಬಿಡಿ. ಬೆಲೆ ಜಾಸ್ತಿ ಇದ್ದರೆ ತಕ್ಕಡಿ ಮೇಲಿಟ್ಟ ಫೋಟೋ ಕೇಳಿ, ಅಸಲಿ ವ್ಯಾಪಾರಿ ಬೇಜಾರು ಮಾಡಿಕೊಳ್ಳುವುದಿಲ್ಲ. ವ್ಯಾಪಾರಿಯಿಂದ ಆನ್‌ಲೈನ್‌ನಲ್ಲಿ ಕೊಂಡರೆ ಸಾಮಾನ್ಯವಾಗಿ 14 ದಿನದೊಳಗೆ ಮನಸ್ಸು ಬದಲಿಸುವ ಹಕ್ಕು ಈ ದೇಶದಲ್ಲಿದೆ. ಖಾಸಗಿ ಮಾರಾಟಗಾರನ ವಿಷಯದಲ್ಲಿ ಆ ಹಕ್ಕಿಲ್ಲ. ದೊಡ್ಡ ಮೊತ್ತಕ್ಕೆ ಹೋಗುವ ದಿನ ಬಂದಾಗ ಬ್ರಿಟಿಷ್ ನ್ಯೂಮಿಸ್ಮ್ಯಾಟಿಕ್ ಟ್ರೇಡ್ ಅಸೋಸಿಯೇಷನ್‌ನ ಸದಸ್ಯರಾದ ವ್ಯಾಪಾರಿಗಳನ್ನು ನೋಡಿ. ಹರಾಜು ಮನೆಗಳಲ್ಲಿ ನೀವು ಕೂಗಿದ ಬೆಲೆಯ ಮೇಲೆ ಕಮಿಷನ್ ಬೇರೆ ಬೀಳುತ್ತದೆ, ಮೊದಲೇ ಓದಿಕೊಳ್ಳಿ.

ಇನ್ನೊಂದು ಮಾತು, ಇದು ನಮ್ಮವರಿಗೇ ಹೇಳಬೇಕಾದದ್ದು. ಮೂರು ವರ್ಷದ ಹಿಂದೆ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದರು. ನಾನು ಆಫೀಸಿಗೆ ಹೋದಾಗ ನನ್ನ ಪೆನ್ನಿಗಳ ಡಬ್ಬ ಕಣ್ಣಿಗೆ ಬಿದ್ದಿದೆ. ಸಂಜೆ ಬಂದರೆ ಟವೆಲ್ ಮೇಲೆ 26 ಪೆನ್ನಿ ಸಾಲಾಗಿ, ದೀಪಾವಳಿಗೆ ತೊಳೆದ ತಾಮ್ರದ ಚೊಂಬಿನ ಹಾಗೆ ಪಳಪಳ. ‘ಎಷ್ಟು ಕಿಲುಬು ಹಿಡಿದಿತ್ತೋ ಮಾರಾಯ, ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ’ ಅಂದರು. ಅದರಲ್ಲಿ ಒಂದು 1876ರದ್ದು, ಇಸವಿಯ ಕೆಳಗೆ ‘ಎಚ್’ ಅಕ್ಷರ ಇತ್ತು. ಅದು ನಮ್ಮ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯ ಗುರುತು. ಆ ವರ್ಷದ ಪೆನ್ನಿಯೆಲ್ಲ ಅಲ್ಲೇ ಅಚ್ಚಾದವು. ನೂರೈವತ್ತು ವರ್ಷದ ಕಂದು ಬಣ್ಣ ಹತ್ತು ನಿಮಿಷದಲ್ಲಿ ಹೋಗಿತ್ತು. ಸಂಗ್ರಹ ಮಾಡುವವರಿಗೆ ಆ ಬಣ್ಣವೇ ಬೇಕು. ತಿಕ್ಕಿದ ನಾಣ್ಯವನ್ನು ಅವರು ಮುಟ್ಟುವುದೂ ಕಷ್ಟ. ಅಮ್ಮನಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಅಷ್ಟೂ ದಿನ ಕೊರಗುತ್ತಿದ್ದರು, ಅಲ್ವಾ?

ಆದರೆ ಆಮೇಲೆ ಫೋಟೋದಲ್ಲಿ ತಿಕ್ಕಿದ ನಾಣ್ಯ ಗುರುತು ಹಿಡಿಯುವುದು ನನಗೆ ಸುಲಭವಾಯಿತು. ಸಾಲ್ಮನ್ ಮೀನಿನಂಥ ಹಸಿ ಗುಲಾಬಿ ಬಣ್ಣ, ಅಕ್ಷರದ ಸಂದಿಯಲ್ಲಿ ಮಾತ್ರ ಕಪ್ಪು, ಬೆಳಕಿಗೆ ಹಿಡಿದರೆ ಒಂದೇ ದಿಕ್ಕಿನ ಸಣ್ಣ ಗೀರು. ಅಂಥದ್ದು ಕಂಡರೆ ಮುಂದೆ ಹೋಗಿ. ಕಿಲುಬು ಹಸಿರು ಪುಡಿಯಾಗಿ ಏಳುತ್ತಿದ್ದರೂ ಬೇಡ, ಅದು ಪಕ್ಕದ ನಾಣ್ಯಕ್ಕೂ ಹಬ್ಬಬಹುದು. ಇಡುವುದಕ್ಕೆ ಮೆತ್ತಗಿನ ಪಿವಿಸಿ ಕವರ್ ಬೇಡ. ಕಾಗದದ ಲಕೋಟೆಯೇ ಸಾಕು.

ನೀವು ನಾಣ್ಯ ಕೂಡಿಡುತ್ತೀರಿ ಅಂತ ಊರಲ್ಲಿ ಗೊತ್ತಾದರೆ ಫೋನ್ ಶುರುವಾಗುತ್ತದೆ. ‘ವಿಕ್ಟೋರಿಯಾ ನಾಣ್ಯಕ್ಕೆ ಹತ್ತು ಲಕ್ಷ ಕೊಡ್ತಾರಂತೆ, ಮೊದಲು ರಿಜಿಸ್ಟ್ರೇಷನ್ ದುಡ್ಡು ಕಟ್ಟಬೇಕಂತೆ’ ಅಂತ. ಕಟ್ಟಬೇಡಿ ಅಂತ ಹೇಳಿಬಿಡಿ. ತನ್ನ ಹೆಸರು ಹೇಳಿಕೊಂಡು ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ನನ್ನ ಸೋದರಮಾವನಿಗೆ ಇದನ್ನು ನಾಲ್ಕು ಸಲ ಹೇಳಿದ್ದೇನೆ.

ಈ ತಿಂಗಳ 20 ಪೌಂಡಿನಲ್ಲಿ ತಕ್ಕಡಿ, 1948, 1949 ಮತ್ತು ಒಂದು ಸವೆದ ತುರುಬಿನ ಪೆನ್ನಿ ಬರುತ್ತದೆ. ಹತ್ತು ಕಾಸು ಮುಂದಿನ ತಿಂಗಳಿಗೆ ಇರಲಿ. 1948ರದು ತೂಗಿದಾಗ 9.4ರ ಹತ್ತಿರ ಬರದಿದ್ದರೆ ಇಲ್ಲೇ ಕೆಳಗೆ ಫೋಟೋ ಹಾಕಿ, ನೋಡೋಣ.